ಹಾಡಿಗೆ ಮುಂಚಿನ ನಾಲ್ಕು ಸೆಕೆಂಡು

ಅಟ್ಟ ಗುಡಿಸುವಾಗ ಒಂದು ವಿಡಿಯೊ ಕ್ಯಾಸೆಟ್ ಸಿಕ್ಕಿತು. ಮೇಲಿನ ಚೀಟಿಯಲ್ಲಿ ‘ಮದುವೆ, 1995’ ಎಂದಷ್ಟೇ ಇತ್ತು. ಅದು ನನ್ನ ಅಕ್ಕನ ಮದುವೆ. ನಮ್ಮದು ಮಲೆನಾಡು. ಅಂಗಳದ ತುಂಬ ಚಪ್ಪರ ಹಾಕಿ, ಮದುಮಗಳನ್ನು ಹಸೆಗೆ ಕರೆಯುವಾಗ ನಮ್ಮಜ್ಜಿ ಹಸೆಹಾಡು ಹೇಳಿದ್ದಳು. ಅಜ್ಜಿ ಈಗಿಲ್ಲ. ಆ ಹಾಡನ್ನು ಯಾರೂ ಬರೆದಿಟ್ಟುಕೊಂಡಿಲ್ಲ. ಅದು ಉಳಿದಿದ್ದರೆ ಈ ಕಪ್ಪು ಡಬ್ಬಿಯೊಳಗೆ ಮಾತ್ರ.

ಡಬ್ಬಿಯ ಕಿಟಕಿಯಲ್ಲಿ ಇಣುಕಿದರೆ ಟೇಪಿನ ಮೇಲೆ ಬಿಳಿ ಪುಡಿ. ಬೂಸ್ಟು! ನಮ್ಮೂರಿನ ಮಳೆಗಾಲಕ್ಕೆ ಚಪ್ಪಲಿ, ಬೆಲ್ಟು, ಕ್ಯಾಸೆಟ್ಟು ಎಲ್ಲವೂ ಒಂದೇ. ಬೂಸ್ಟು ಹಿಡಿದ ಟೇಪನ್ನು ಹಾಗೇ ವಿಸಿಆರ್‌ಗೆ ತುರುಕಬಾರದು. ಒಳಗೆ ಟೇಪನ್ನು ಓದುವ ಹೆಡ್ಡಿಗೂ ಅಂಟಿ, ಮುಂದೆ ಹಾಕುವ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಹಿಂದೆ ವಿಡಿಯೊ ಅಂಗಡಿ ಇಟ್ಟಿದ್ದ ಪರಿಚಿತರೊಬ್ಬರು ಟೇಪನ್ನು ಒರೆಸಿ, ತಮ್ಮ ಹಳೇ ವಿಸಿಆರನ್ನೂ ಕೊಟ್ಟರು.

ಹಾಕಿ ನೋಡಿದರೆ ಚಿತ್ರದಲ್ಲಿ ಅಜ್ಜಿಯೇ ಇಲ್ಲ! ವಿಡಿಯೊದವನಿಗೆ ಮದುಮಗಳ ಮುಖವನ್ನು ಗುಲಾಬಿ ಹೂವಿನೊಳಗಿಂದ ಅರಳಿಸುವುದರಲ್ಲೇ ಆಸಕ್ತಿ. ಅಜ್ಜಿಯ ಸೆರಗಿನ ತುದಿ ಒಮ್ಮೆ ಹಾದುಹೋಗುತ್ತದೆ, ಅಷ್ಟೇ. ಹಾಡು ಕೇಳುತ್ತದೆ. ಆದರೆ ಅದರ ಮೇಲೆ ‘ಸ್‌ಸ್‌ಸ್’ ಎಂದು ದೂರದ ಮಳೆಯಂಥ ಸದ್ದು, ಅಡಿಯಲ್ಲಿ ‘ಗುಂಯ್’ ಎಂಬ ಗುಂಗು, ಪಕ್ಕದಲ್ಲಿ ಟೇಬಲ್ ಫ್ಯಾನು, ನಡುವೆ ಪಾತ್ರೆ ಬಿದ್ದ ಸದ್ದು.

“ಮಾವ, ಚಿತ್ರ ಬಿಟ್ಟು ಹಾಡು ಮಾತ್ರ ತೆಗೀಬಹುದಾ?” ಎಂದಳು ಪುಟ್ಟಿ, ನನ್ನ ತಂಗಿಯ ಮಗಳು. ಮುತ್ತಜ್ಜಿಯ ದನಿಯನ್ನು ಅವಳು ಕೇಳಿದ್ದೇ ಇಲ್ಲ. “ಮತ್ತೆ, ಮದುವೆ ದಿನ ನಿಮಗೆಲ್ಲ ಈ ಫ್ಯಾನ್ ಸದ್ದು ಕೇಳ್ತಾ ಇರ್ಲಿಲ್ವಾ?”

ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಕೇಳುತ್ತಿತ್ತು, ಆದರೆ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳುತ್ತಿರಲಿಲ್ಲ. ಜಾತ್ರೆಯ ಗದ್ದಲದಲ್ಲೂ ಅಮ್ಮ ಕೂಗಿದರೆ ನಿಮಗೆ ತಿಳಿಯುತ್ತದಲ್ಲವೇ? ಎರಡು ಕಿವಿಗೆ ಬಂದ ಸದ್ದುಗಳನ್ನು ಮಿದುಳು ಅಕ್ಕಿ ಆರಿಸಿದ ಹಾಗೆ ಆರಿಸುತ್ತದೆ. ಇದನ್ನು ಕಾಲಿನ್ ಚೆರ್ರಿ ಎಂಬ ವಿಜ್ಞಾನಿ 1953ರಲ್ಲಿ ಪರೀಕ್ಷೆ ಮಾಡಿ ಬರೆದರು. ಮೈಕಿಗೆ ಆರಿಸುವ ಬುದ್ಧಿಯಿಲ್ಲ. ಅದರ ತೆಳು ಪೊರೆ ಗಾಳಿ ತಳ್ಳಿದಂತೆಲ್ಲ ಅಲುಗುತ್ತದೆ. ಅಜ್ಜಿ ತಳ್ಳಿದರೂ ಸರಿ, ಫ್ಯಾನು ತಳ್ಳಿದರೂ ಸರಿ.

ಆ ಅಲುಗಾಟ ವಿದ್ಯುತ್ತಾಗಿ, ಕೊನೆಗೆ ಟೇಪಿನ ಮೇಲೆ ಕಾಂತೀಯ ಗುರುತಾಗಿ ಕೂರುತ್ತದೆ. ಟೇಪು ಎಂದರೆ ಪ್ಲಾಸ್ಟಿಕ್ ಪಟ್ಟಿಗೆ ಮೆತ್ತಿದ ಕಬ್ಬಿಣದ ಆಕ್ಸೈಡಿನ ನುಣ್ಣನೆ ಪುಡಿ, ಅಂದರೆ ತುಕ್ಕಿನ ನೆಂಟ. ಪುಡಿಯ ಒಂದೊಂದು ಕಣವೂ ಪುಟಾಣಿ ಅಯಸ್ಕಾಂತ. ಕೋಟಿಗಟ್ಟಲೆ ಕಣಗಳು ಪಕ್ಕಾ ಸಾಲಾಗಿ ಕೂರುವುದಿಲ್ಲ. ಆ ಅಸ್ತವ್ಯಸ್ತವೇ ನಮಗೆ ‘ಸ್‌ಸ್‌ಸ್’ ಎಂದು ಕೇಳುವುದು.

1976ರಲ್ಲಿ ಜಪಾನಿನಲ್ಲಿ ಬಂದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಸದ್ದಿನ ಪಾಡು ಇನ್ನೂ ಕಷ್ಟದ್ದು. ಟೇಪಿನ ಅಗಲ 12.7 ಮಿಲಿಮೀಟರ್. ಅದರಲ್ಲಿ ಬಹುಪಾಲನ್ನು ಚಿತ್ರವೇ ನುಂಗುತ್ತದೆ. ಸೆಕೆಂಡಿಗೆ 25 ಸುತ್ತು ತಿರುಗುವ ಉರುಳೆಯೊಂದು ಓರೆಗೆರೆಗಳಾಗಿ ಚಿತ್ರವನ್ನು ಬರೆಯುತ್ತದೆ. ಸದ್ದಿಗೆ ಸಿಕ್ಕಿದ್ದು ಅಂಚಿನಲ್ಲಿ ಒಂದು ಮಿಲಿಮೀಟರಿನಷ್ಟು ಓಣಿ. ಅದರ ಹೆಡ್ಡು ತಿರುಗುವುದೂ ಇಲ್ಲ. ಟೇಪು ಹರಿದಷ್ಟೇ ಬರೆಯಬೇಕು. ಹರಿಯುವುದೋ, ನಮ್ಮ ದೇಶದಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ, ಸೆಕೆಂಡಿಗೆ ಸುಮಾರು 23 ಮಿಲಿಮೀಟರ್ ಮಾತ್ರ. ಹಾಡಿನ ಸಾಮಾನ್ಯ ಕ್ಯಾಸೆಟ್ಟೇ ಅದರ ಎರಡರಷ್ಟು ವೇಗವಾಗಿ ಓಡುತ್ತಿತ್ತು. ಚಿಕ್ಕ ಚೀಟಿಯಲ್ಲಿ ದೊಡ್ಡ ಪತ್ರ ಬರೆದರೆ ಅಕ್ಷರ ಕಲಸಿಹೋಗುವುದಿಲ್ಲವೇ, ಹಾಗೆ ಸ, ಶ, ಚ ಮುಂತಾದ ಚೂಪು ಸದ್ದುಗಳು ಮಸುಕಾಗಿವೆ.

ಸದ್ದನ್ನು ಹೊರತೆಗೆಯುವುದು ಮಾತ್ರ ಸುಲಭ. ವಿಸಿಆರ್ ಹಿಂದೆ ಹಳದಿ ಮತ್ತು ಬಿಳಿ ತೂತುಗಳಿರುತ್ತವೆ. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಸದ್ದು. ಹಳದಿಯನ್ನು ಬಿಟ್ಟು, ಬಿಳಿ ವೈರನ್ನಷ್ಟೇ ಕಂಪ್ಯೂಟರಿಗೆ ಸಿಕ್ಕಿಸಿದೆವು. ನಿಮ್ಮಲ್ಲಿರುವುದು ಮೊಬೈಲಿನ ವಿಡಿಯೊ ಆದರೆ ವೈರೂ ಬೇಡ. ಎಂಪಿ4 ಫೈಲು ಒಂದು ಟಿಫಿನ್ ಕ್ಯಾರಿಯರ್ ಇದ್ದಂತೆ: ಒಂದು ಡಬ್ಬಿಯಲ್ಲಿ ಚಿತ್ರ, ಇನ್ನೊಂದರಲ್ಲಿ ಸದ್ದು, ಎರಡನ್ನೂ ಹಿಡಿದಿರುವ ಒಂದು ಹಿಡಿಕೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಸದ್ದಿನ ಡಬ್ಬಿಯನ್ನು ಅಲುಗಿಸದೆ ಎತ್ತಿಕೊಡುತ್ತದೆ. ‘ಎಂಪಿ3 ಮಾಡಿ ಕೊಡ್ತೀವಿ’ ಎನ್ನುವ ಕೆಲವು ಆಪ್‌ಗಳು ಒಮ್ಮೆ ಬೇಯಿಸಿದ್ದನ್ನು ಮತ್ತೆ ಬೇಯಿಸುತ್ತವೆ. ರುಚಿ ಕೆಡುತ್ತದೆ, ನನಗೆ ಅದು ಇಷ್ಟವಿಲ್ಲ.

ಕಂಪ್ಯೂಟರ್ ಸದ್ದನ್ನು ಎಣಿಸಿ ಇಟ್ಟುಕೊಳ್ಳುತ್ತದೆ. ಸೆಕೆಂಡಿಗೆ 44,100 ಸಲ ‘ಈಗ ಅಲೆ ಎಷ್ಟು ಎತ್ತರ?’ ಎಂದು ಅಳೆಯುತ್ತದೆ. ನಾವು ಕೇಳಬಲ್ಲ ಅತಿ ಚೂಪಾದ ಸದ್ದು ಸೆಕೆಂಡಿಗೆ ಸುಮಾರು 20,000 ಸಲ ಕಂಪಿಸುತ್ತದೆ. ಒಂದು ಕಂಪನ ಹಿಡಿಯಲು ಎರಡಕ್ಕಿಂತ ಹೆಚ್ಚು ಅಳತೆ ಬೇಕು. ಹಾಗಾದರೆ 40,000ಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಆದರೆ 44,100 ಎಂಬ ವಿಚಿತ್ರ ಸಂಖ್ಯೆಯೇ ಏಕೆ? ಪೆನ್ಸಿಲ್ ಹಿಡಿಯಿರಿ: 50 × 294 × 3. ಡಿಸ್ಕುಗಳಲ್ಲಿ ಹೆಚ್ಚು ಜಾಗವಿಲ್ಲದ ಕಾಲದಲ್ಲಿ ಹೀಗೆ ಎಣಿಸಿದ ಸದ್ದನ್ನು ವಿಡಿಯೊ ಟೇಪಿನಲ್ಲೇ ತುಂಬಿಸುತ್ತಿದ್ದರು. ಸೆಕೆಂಡಿಗೆ 50 ಅರೆಚಿತ್ರ, ಒಂದೊಂದರಲ್ಲಿ 294 ಗೆರೆ, ಗೆರೆಗೆ 3 ಅಳತೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಗೂ ಅದೇ ಸಂಖ್ಯೆ ಅಂಟಿಕೊಂಡಿತು. ಅಜ್ಜಿಯ ಹಾಡು ವಿಡಿಯೊ ಟೇಪಿನಿಂದ ಇಳಿದು, ವಿಡಿಯೊ ಟೇಪು ಬಿಟ್ಟುಹೋದ ಸಂಖ್ಯೆಯೊಳಗೇ ಬಂದು ಕೂತಿತು ನೋಡಿ!

ಇನ್ನು ತೊಳೆಯುವ ಕೆಲಸ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಸದ್ದಿನ ನಕ್ಷೆ ತೆರೆದೆವು. ಎಡದಿಂದ ಬಲಕ್ಕೆ ಸಮಯ. ಕೆಳಗೆ ದಪ್ಪ ಸದ್ದು, ಮೇಲೆ ಚೂಪು ಸದ್ದು. ಎಂಥ ಕಲಸುಮೇಲೋಗರದ ಅಲೆಯನ್ನೂ ಸರಳ ಅಲೆಗಳಾಗಿ ಬಿಡಿಸಬಹುದು ಎಂಬುದು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೊರಿಯೆ ಹೇಳಿಕೊಟ್ಟ ವಿದ್ಯೆ. ಪಾಪ, ಅವರು 1822ರಲ್ಲಿ ಅದನ್ನು ವಿವರಿಸಿದ ಪುಸ್ತಕ ಸದ್ದಿನದ್ದಲ್ಲ, ಶಾಖ ಹರಿಯುವ ಬಗೆಯದ್ದು.

ಪುಟ್ಟಿ ನಕ್ಷೆಯ ಮೇಲೆ ಬೆರಳಿಟ್ಟಳು. “ಇಲ್ಲಿ ಕೆಳಗೆ ನೆಟ್ಟಗೆ ಗೆರೆ ಇದೆ, ಸ್ಕೇಲ್ ಇಟ್ಟು ಎಳೆದ ಹಾಗೆ.” ಅದೇ ‘ಗುಂಯ್’. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ, ಅದರ ನೆರಳು ಮೈಕಿನ ವೈರಿನೊಳಗೆ ನುಸುಳಿದೆ. ಜೊತೆಗೆ 100, 150ರಲ್ಲಿ ಅದರ ಮರಿಗಳು. ಅಜ್ಜಿಯ ದನಿಯೋ ಉತ್ತ ಗದ್ದೆಯ ಸಾಲುಗಳ ಹಾಗೆ, ಒಂದರ ಮೇಲೊಂದು, ಬಳುಕುತ್ತ ಸಾಗುತ್ತಿತ್ತು. ಹೆಂಗಸರ ದನಿಯ ಬುಡ ಸಾಮಾನ್ಯವಾಗಿ 200ರ ಆಸುಪಾಸು. ಹಾಗಾಗಿ ಆ ಮೂರು ನೆಟ್ಟ ಗೆರೆಗಳನ್ನು ಸಣ್ಣಗೆ ಕೆತ್ತಿ ತೆಗೆದರೂ ಅಜ್ಜಿಗೆ ಗಾಯವಾಗಲಿಲ್ಲ.

‘ಸ್‌ಸ್‌ಸ್’ ಹಾಗಲ್ಲ. ಅದು ಒಂದು ಜಾಗದಲ್ಲಿಲ್ಲ, ನಕ್ಷೆಯ ತುಂಬ ಮಂಜು ಕವಿದ ಹಾಗೆ ಹರಡಿದೆ. ಅದನ್ನು ಕಳೆಯಬೇಕಾದರೆ ಅದೊಂದೇ ಕೇಳುವ ತುಣುಕು ಬೇಕು. ಯಾರೂ ಹಾಡದ, ಮಾತಾಡದ, ಕೆಮ್ಮದ ಕೆಲವು ಸೆಕೆಂಡು. ಅದನ್ನು ತೋರಿಸಿ ‘ಕಸ ಅಂದರೆ ಇದು’ ಎಂದು ಕಲಿಸಬೇಕು. ಯಾವ ಎತ್ತರದಲ್ಲಿ ಕಸ ಎಷ್ಟಿದೆ ಎಂದು ತಂತ್ರಾಂಶ ಅಳೆದುಕೊಂಡು, ಆಮೇಲೆ ಹಾಡಿನುದ್ದಕ್ಕೂ ಅಷ್ಟೇ ದುರ್ಬಲವಾಗಿರುವ ಭಾಗಗಳನ್ನು ತಗ್ಗಿಸುತ್ತದೆ.

ನಾನು ಮಾಡಿದ್ದೇನು ಗೊತ್ತೇ? ಹಾಡು ಶುರುವಾಗುವ ಮುಂಚಿನ ಖಾಲಿ ಜಾಗವನ್ನು ‘ದಂಡ’ ಎಂದು ಮೊದಲೇ ಕತ್ತರಿಸಿ ಎಸೆದಿದ್ದೆ! ಮತ್ತೆ ಟೇಪು ಹಿಂದೆ ಸುತ್ತಿ, ಮತ್ತೆ ಬಿಳಿ ವೈರು ಸಿಕ್ಕಿಸಿ, ಅಜ್ಜಿ ಬಾಯಿ ತೆರೆಯುವ ಮುಂಚಿನ ಆ ನಾಲ್ಕು ಸೆಕೆಂಡುಗಳನ್ನು ತಂದೆವು. ಕೇಳಿದರೆ ಏನೂ ಇಲ್ಲ; ಬರೀ ಸುಯ್ ಮತ್ತು ಫ್ಯಾನು. ಆ ‘ಏನೂ ಇಲ್ಲ’ವನ್ನು ಕೊಟ್ಟು ಗುಂಡಿ ಒತ್ತಿದಾಗ ಮಂಜು ಇಳಿದು ಹಾಡು ಮುಂದೆ ಬಂತು.

ಪುಟ್ಟಿಗೆ ಆಸೆ ಹೆಚ್ಚಾಯಿತು. “ಇನ್ನೂ ಜಾಸ್ತಿ ಮಾಡು” ಎಂದಳು. ಮಾಡಿದೆ. ಅಜ್ಜಿ ಬಾವಿಯೊಳಗೆ ಮುಳುಗಿ ಹಾಡಿದಂತಾಯಿತು, ಸುತ್ತ ಗುಳುಗುಳು ಎಂದು ಗುಳ್ಳೆಗಳು ಬೇರೆ. ಕಸದ ಜೊತೆ ದನಿಯ ನವಿರು ಭಾಗಗಳೂ ಹೋಗಿ, ಅಲ್ಲಲ್ಲಿ ಉಳಿದ ಚೂರುಗಳು ಹಾಗೆ ಚಿಲಿಪಿಲಿಗುಟ್ಟುತ್ತವೆ. ಅರ್ಧಕ್ಕೆ ಇಳಿಸಿದೆವು. ಸ್ವಲ್ಪ ‘ಸ್‌ಸ್‌ಸ್’ ಇರಲಿ.

ವಾಲಗದವರು ಊದಿದ ಜಾಗವನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಸದ್ದು ಯಂತ್ರದ ಮಿತಿ ಮೀರಿ, ಅಲೆಯ ತುದಿಗಳೆಲ್ಲ ಕತ್ತರಿಸಿದ ಬೇಲಿಯಂತೆ ಚಪ್ಪಟೆಯಾಗಿದ್ದವು. ಹೆಚ್ಚಿಗೆ ಸೇರಿದ ಸದ್ದನ್ನು ಕಳೆಯಬಹುದು. ದಾಖಲಾಗದೇ ಹೋದ ತುದಿ ಹೇಗಿತ್ತೆಂದು ಊಹಿಸಬಹುದಷ್ಟೆ.

ಕೊನೆಯ ಸಲ ಕೇಳುವಾಗ ಎರಡನೇ ನುಡಿಯ ಹತ್ತಿರ ಮೊದಲು ಕೇಳಿಸದಿದ್ದ ಒಂದು ದನಿ ಮೇಲೆ ಬಂತು. ಯಾರೋ ಹುಡುಗ, “ಅಜ್ಜೀ, ಹಸಿವು.” ಆ ವರ್ಷ ನನಗೆ ಒಂಬತ್ತು. ನಾಚಿಕೆಯಾಗಿ ಆ ತುಣುಕನ್ನು ಅಳಿಸಲು ಮೌಸ್ ಒಯ್ದೆ. ಪುಟ್ಟಿ ನನ್ನ ಕೈ ಹಿಡಿದಳು. ಅಷ್ಟರಲ್ಲಿ ಅಜ್ಜಿ, ಹಾಡಿನ ಎರಡು ಸಾಲುಗಳ ನಡುವೆ, ರಾಗ ಬಿಡದೆಯೇ ಹೇಳಿದಳು: “ಬಂದೆ ಇರೋ.”