ಜಲಬಾಧೆ: ಒಂದು ಕಲ್ಪಿತ ರೋಗದ ವಿಚಾರ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಪಂಪನನ್ನೂ ಪುಲಕೇಶಿಯನ್ನೂ ನೆನೆಯುವುದು ವಾಡಿಕೆ. ನಮಗಿಂತ ಮುಂಚೆ ಮಾತನಾಡಿದವರು ಆ ಕೆಲಸವನ್ನು ಚೆನ್ನಾಗಿ ಮಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಆರೋಗ್ಯದ ವಿಷಯ. ಅದರಲ್ಲಿಯೂ ನಾವು ಆರಿಸಿಕೊಂಡದ್ದು ನಾಲ್ಕು ಜನರ ಎದುರಿಗೆ ಯಾರೂ ಆಡದ ಮಾತು, ಮೂತ್ರದ ಮಾತು. ಹಬ್ಬದ ದಿನ ಇದೇನು ಎಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಹಿರಿಯರ ಸಲುವಾಗಿಯೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಒಂದು ರೋಗವನ್ನು ಕಲ್ಪಿಸಿಕೊಳ್ಳೋಣ. ಅದರ ಹೆಸರು ಜಲಬಾಧೆ ಎಂದಿರಲಿ. ಇದು ಹಿಂದಿನವರು ಮರ್ಯಾದೆಗೆಂದು ಬಳಸುತ್ತಿದ್ದ ಮಾತು. ಈ ರೋಗದಿಂದ ಯಾರೂ ಸಾಯುವುದಿಲ್ಲ. ಜ್ವರವಿಲ್ಲ, ನೋವಿಲ್ಲ. ನೆಗಡಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಹತ್ತಿದ ಮೂರನೆಯ ದಿನ ಮೂತ್ರದ ಮೇಲಿನ ಹಿಡಿತ ತಪ್ಪುತ್ತದೆ. ಮೂರು ವಾರ ಕಳೆದರೆ ತಾನಾಗಿಯೇ ವಾಸಿಯಾಗುತ್ತದೆ. ಇಂಥದೊಂದು ರೋಗ ಒಂದು ಸೋಮವಾರ ಬೆಳಿಗ್ಗೆ ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಬಂದು ಇಳಿಯಿತೆನ್ನಿ. ಮುಂದೆ ಏನಾದೀತು?

ಬ್ಯಾಂಕಿನ ಗುಮಾಸ್ತ ಸೊಂಟನೋವೆಂದು ರಜೆಯ ಚೀಟಿ ಕಳಿಸುತ್ತಾನೆ. ಕಾಲೇಜಿನ ಪ್ರಾಧ್ಯಾಪಕರು ಮುಕ್ಕಾಲು ಗಂಟೆಯ ಪಾಠವನ್ನು ಹದಿನೈದು ನಿಮಿಷಕ್ಕೆ ಮುಗಿಸಿ, ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ ಎನ್ನುತ್ತಾರೆ. ಹೆಣ್ಣು ನೋಡುವ ಶಾಸ್ತ್ರವನ್ನು ಎರಡೂ ಕಡೆಯವರು ಬೇರೆ ಬೇರೆ ನೆಪ ಹೇಳಿ ಮುಂದೂಡುತ್ತಾರೆ. ಲಕ್ಷ್ಮೀರಸ್ತೆಯಲ್ಲಿ ಕಪ್ಪು ಬಣ್ಣದ ಬಟ್ಟೆಗೆ ಎಲ್ಲಿಲ್ಲದ ಬೇಡಿಕೆ ಹುಟ್ಟುತ್ತದೆ. ಶನಿವಾರದ ಹೊತ್ತಿಗೆ ಅರ್ಧ ಊರಿಗೆ ರೋಗ ಹತ್ತಿರುತ್ತದೆ. ಆದರೆ ಮಹಾನಗರಪಾಲಿಕೆಯ ಆರೋಗ್ಯಾಧಿಕಾರಿಗಳು ರೋಗಿಗಳ ಲೆಕ್ಕ ಕೇಳಿದರೆ ಬರುವ ಉತ್ತರ ಸೊನ್ನೆ. ಏಕೆಂದರೆ ವೈದ್ಯರ ಹತ್ತಿರ ಯಾರೂ ಹೋಗಿರುವುದಿಲ್ಲ. ಪ್ಲೇಗು ಬಂದಾಗ ಊರು ಬಿಟ್ಟ ಜನ, ಇದು ಬಂದರೆ ಬಾಗಿಲು ಹಾಕಿಕೊಂಡು ಒಳಗೇ ಕುಳಿತಾರು. ಆ ಮನೆಯೊಳಗೇ ರೋಗ ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋದೀತು.

ಮೂತ್ರಕೋಶವೆಂಬುದು ಅರ್ಧ ಲೀಟರಿನಷ್ಟು ಹಿಡಿಯುವ ಒಂದು ಸ್ನಾಯುವಿನ ಚೀಲ. ಮೂತ್ರಪಿಂಡಗಳು ಹಗಲಿರುಳು ಅದಕ್ಕೆ ತುಂಬುತ್ತಲೇ ಇರುತ್ತವೆ. ಚೀಲ ಅರ್ಧ ತುಂಬುವುದರೊಳಗೆ ಬೆನ್ನುಹುರಿಯ ಕೆಳತುದಿಯ ನರಗಳ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತದೆ. 'ಇದು ಹೊತ್ತಲ್ಲ, ತಡೆ' ಎಂದು ಮಿದುಳು ಮರುಸುದ್ದಿ ಕಳಿಸುತ್ತದೆ. ಈ 'ತಡೆ'ಯನ್ನು ಕಲಿಯಲು ಕೂಸಿಗೆ ಎರಡು ಮೂರು ವರ್ಷ ಬೇಕು. ಸುದ್ದಿ ಹೋಗುವ ಹಾದಿಯಲ್ಲಿ ಎಲ್ಲಿಯೇ ಕೆಟ್ಟರೂ ಕಲಿತದ್ದು ಮರೆತಂತಾಗುತ್ತದೆ. ಪಾರ್ಶ್ವವಾಯುವಿನಿಂದ ಕೆಡಬಹುದು, ಸಕ್ಕರೆ ಕಾಯಿಲೆಯಿಂದ ಕೆಡಬಹುದು. ಹೆರಿಗೆಗಳಿಂದ ಹೆಂಗಸರ ತಳದ ಸ್ನಾಯು ಸಡಿಲಾಗಿರಬಹುದು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಹಾದಿಯನ್ನು ಒತ್ತುತ್ತಿರಬಹುದು. ಇವೊಂದೂ ಅಂಟುವ ರೋಗವಲ್ಲ, ಇವೊಂದೂ ಪಾಪದ ಫಲವೂ ಅಲ್ಲ.

ಹಾಗಾದರೆ ನಮ್ಮ ಜಲಬಾಧೆಯಂಥ ಅಂಟುರೋಗ ನಿಜವಾಗಿ ಉಂಟೆ? ಮೂತ್ರದ ಹಿಡಿತವನ್ನಷ್ಟೇ ಕಸಿದುಕೊಂಡು ನೆಗಡಿಯಂತೆ ಹರಡುವಂಥದು ಇಲ್ಲ. ಆದರೆ ಅದಕ್ಕೆ ಬಂಧುಬಳಗ ಉಂಟು. ಒಂದು ಬಂಧು ಈಜಿಪ್ತಿನದು. ಅದಕ್ಕೆ ಬಿಲ್ಹಾರ್ಜಿಯಾ ಎನ್ನುತ್ತಾರೆ. ಥಿಯೊಡೋರ್ ಬಿಲ್ಹಾರ್ಜ್ ಎಂಬ ಜರ್ಮನ್ ವೈದ್ಯ 1851ರಲ್ಲಿ ಕೈರೋದಲ್ಲಿ ಅದರ ಹುಳುವನ್ನು ಕಂಡುಹಿಡಿದ. ರೋಗಿಯ ಮೂತ್ರದಿಂದ ತತ್ತಿ ನೀರಿಗೆ ಸೇರುತ್ತದೆ. ನೀರಿನ ಬಸವನಹುಳುವಿನಲ್ಲಿ ಅದು ಬೆಳೆಯುತ್ತದೆ. ಅಲ್ಲಿಂದ ಹೊರಬಿದ್ದು, ಆ ನೀರಿಗೆ ಇಳಿದವರ ಚರ್ಮವನ್ನು ಹೊಕ್ಕು ಕೊನೆಗೆ ಮೂತ್ರಕೋಶದ ಸುತ್ತ ಮನೆ ಮಾಡುತ್ತದೆ. ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನ್ನಿಸುತ್ತದೆ, ಮೂತ್ರದಲ್ಲಿ ರಕ್ತ ಕಾಣುತ್ತದೆ. ಇದು ಎಲ್ಲಿಯೋ ನೈಲ್ ನದಿಯ ಕಥೆ ಎಂದುಕೊಳ್ಳಬೇಡಿ. ನಮ್ಮ ಈ ಮಹಾರಾಷ್ಟ್ರದಲ್ಲಿಯೇ, ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ, ಇದೇ ಬಗೆಯ ರೋಗವಿದ್ದುದನ್ನು ಗಾಡಗೀಳ ಮತ್ತು ಶಹಾ ಎಂಬ ವೈದ್ಯರು 1952ರಲ್ಲಿ ವರದಿ ಮಾಡಿದರು.

ಇನ್ನೊಂದು ಬಂಧುವನ್ನು ಪುಣೆಯವರಿಗೆ ಪರಿಚಯಿಸಬೇಕಾಗಿಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ, ಕಿರ್ಕಟವಾಡಿ, ನಾಂದೇಡ ಗ್ರಾಮ, ಧಾಯರಿ ಮೊದಲಾದೆಡೆ ಜನ ಇದ್ದಕ್ಕಿದ್ದಂತೆ ಕಾಲಿನ ಬಲ ಕಳೆದುಕೊಳ್ಳತೊಡಗಿದರು. ಪತ್ರಿಕೆಗಳು ಅದನ್ನು ಜಿಬಿಎಸ್ ಎಂದು ಬರೆದವು. ಅದು 1916ರಲ್ಲಿ ಇಬ್ಬರು ಫ್ರೆಂಚ್ ಸೈನಿಕರಲ್ಲಿ ಕಂಡ ಬೇನೆಯನ್ನು ವರ್ಣಿಸಿದ ಗಿಯಾನ್, ಬಾರೆ ಎಂಬ ವೈದ್ಯರ ಹೆಸರಿನ ರೋಗ. ಪುಣೆಯ ಸುತ್ತಮುತ್ತ ಶಂಕಿತ ರೋಗಿಗಳೂ ಸೇರಿ ಸಂಖ್ಯೆ ಇನ್ನೂರನ್ನು ದಾಟಿತು, ಸಾವುಗಳು ಹತ್ತನ್ನು ದಾಟಿದವು. ಹಲವು ರೋಗಿಗಳ ಮಲಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಕೆಟ್ಟ ನೀರಿನಿಂದ, ಸರಿಯಾಗಿ ಬೇಯದ ಮಾಂಸದಿಂದ ಹೊಟ್ಟೆ ಸೇರಿ ಭೇದಿ ತರುತ್ತದೆ. ಅದರೊಡನೆ ಹೋರಾಡಲು ಎದ್ದ ಶರೀರದ ರಕ್ಷಣಾಪಡೆ ನರಗಳ ಹೊದಿಕೆಯನ್ನೇ ಶತ್ರುವೆಂದು ಭ್ರಮಿಸಿ ಅದರ ಮೇಲೆ ಬೀಳುತ್ತದೆ. ಕೈಕಾಲು ಸೋಲುತ್ತವೆ, ಕೆಲವರಿಗೆ ಉಸಿರಾಟವೂ ಸೋಲುತ್ತದೆ. ಕೆಲವರಿಗೆ ಮೂತ್ರ ಕಟ್ಟಿಕೊಳ್ಳುತ್ತದೆ, ನಳಿಕೆ ಹಾಕಬೇಕಾಗುತ್ತದೆ. ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಕಾಯಿಲೆಯ ಮೊದಲಲ್ಲಿಯೇ ಮೂತ್ರದ ತೊಂದರೆ ಜೋರಾಗಿದ್ದರೆ ವೈದ್ಯರು ಇದು ಜಿಬಿಎಸ್ ಅಲ್ಲದೆ ಬೆನ್ನುಹುರಿಯ ತೊಂದರೆ ಇರಬಹುದೆಂದು ಅನುಮಾನಿಸುತ್ತಾರೆ. ಆದ್ದರಿಂದ ಮೂತ್ರದ ಸಂಗತಿಯನ್ನು ರೋಗಿ ನಾಚಿ ನುಂಗಿಕೊಂಡರೆ ರೋಗ ಯಾವುದೆಂಬ ನಿರ್ಣಯವೇ ತಪ್ಪಬಹುದು.

ಜಿಬಿಎಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯ ಪಕ್ಕದಲ್ಲಿ ಕುಳಿತರೆ ಬರುವುದಿಲ್ಲ. ವೈದ್ಯರು ಇದನ್ನು ಎಷ್ಟು ಸಲ ಹೇಳಿದರೂ ಆ ದಿನಗಳಲ್ಲಿ ಜನರ ಅಂಜಿಕೆ ಹೋಗಲಿಲ್ಲ. ಹರಡುವಂಥದು ಇದ್ದದ್ದು ನೀರಿನಲ್ಲಿ. ಪಾಲಿಕೆ ಬಾವಿ, ಟ್ಯಾಂಕರುಗಳ ನೀರನ್ನು ಪರೀಕ್ಷಿಸಿತು, ಹಲವು ಖಾಸಗಿ ಶುದ್ಧನೀರಿನ ಘಟಕಗಳನ್ನು ಮುಚ್ಚಿಸಿತು. ಹೆಸರಿಗೆ ಶುದ್ಧ, ಒಳಗೆ ಅಶುದ್ಧ! ಆ ಭಾಗದ ಕೆಲವು ಹಳ್ಳಿಗಳು ಮಹಾನಗರದ ಗಡಿಯೊಳಗೆ ಬಂದದ್ದು 2021ರಲ್ಲಿ. ಗಡಿ ಬೆಳೆದಷ್ಟು ಬೇಗ ನೀರಿನ ನಳ ಬೆಳೆಯುವುದಿಲ್ಲ.

ಅಡಗಿಸುವ ವಿಷಯಕ್ಕೆ ಪುಣೆಗಿಂತ ದೊಡ್ಡ ಪಾಠಶಾಲೆ ಇನ್ನೊಂದಿಲ್ಲ. 1897ರ ಪ್ಲೇಗಿನಲ್ಲಿ ಇಲ್ಲಿಯ ಪೇಟೆಗಳಲ್ಲಿ ಸೋಲ್ಜರುಗಳು ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ದೇವರಮನೆ ಎನ್ನಲಿಲ್ಲ, ಹೆಂಗಸರು ಎನ್ನಲಿಲ್ಲ. ಜನ ತಮ್ಮ ರೋಗಿಗಳನ್ನು ಬಚ್ಚಿಟ್ಟರು. ಪ್ಲೇಗಿನ ಅಧಿಕಾರಿ ರ‍್ಯಾಂಡ್ ಆ ವರ್ಷದ ಜೂನ್ 22ರಂದು ಗಣೇಶಖಿಂಡ ರಸ್ತೆಯಲ್ಲಿ ಗುಂಡಿಗೆ ಗುರಿಯಾದದ್ದು ಎಲ್ಲರಿಗೂ ಗೊತ್ತು. ಅದೇ ಪ್ಲೇಗಿನಲ್ಲಿ, ಅವನಿಗಿಂತ ಮುಂಚೆ, ಮಾರ್ಚ್ 10ರಂದು ಇನ್ನೊಂದು ಜೀವ ಹೋಯಿತು. ಸಾವಿತ್ರೀಬಾಯಿ ಫುಲೆಯವರು ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ ಮುಂಢವಾದ ಒಬ್ಬ ರೋಗಿ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತರಾಯರ ದವಾಖಾನೆಗೆ ಒಯ್ದರು, ಆ ರೋಗ ತಮಗೂ ಹತ್ತಿ ತೀರಿಕೊಂಡರು. ರೋಗಿಯ ಮಾನ ಕಳೆದರೆ ರೋಗ ಒಳಗೆ ಅಡಗುತ್ತದೆ, ಮಾನದಿಂದ ಎತ್ತಿಕೊಂಡರೆ ಹೊರಗೆ ಬರುತ್ತದೆ. ಆ ಎರಡು ಬಗೆಯನ್ನೂ ಈ ಊರು ಒಂದೇ ವರ್ಷದಲ್ಲಿ ಕಂಡಿತು. ಮರುವರ್ಷ ಪ್ಲೇಗು ಹುಬ್ಬಳ್ಳಿಗೂ ಬೆಂಗಳೂರಿಗೂ ಹೋಯಿತು. ಊರ ಹೊರಗೆ ಗುಡಿಸಲು ಹಾಕಿಕೊಂಡು ಇದ್ದ ಕಥೆಯನ್ನು ನಮ್ಮಲ್ಲಿ ಹಲವರು ಅಜ್ಜಿಯರ ಬಾಯಿಂದ ಕೇಳಿದ್ದೇವೆ.

ಈಗ ನಮ್ಮ ಮನೆಗಳಿಗೆ ಬರೋಣ. ಊರಿನಲ್ಲಿ ಒಬ್ಬರೇ ಇದ್ದ ತಾಯಿಯನ್ನು ಮಗ ಪುಣೆಗೆ ಕರೆತಂದಿದ್ದಾನೆ. ಬಾಗಲಕೋಟೆಯ ಕಡೆಯವರು. ಆರು ತಿಂಗಳಿಂದ ಅವರು ದೇವಸ್ಥಾನಕ್ಕೆ ಹೋಗುತ್ತಿಲ್ಲ, ಸಂಘಕ್ಕೂ ಬರುತ್ತಿಲ್ಲ. ಕೇಳಿದರೆ ಮೊಣಕಾಲು ನೋವು ಎನ್ನುತ್ತಾರೆ. ಆಸ್ಪತ್ರೆಗೆ ಹೋದಾಗ ವೈದ್ಯರು ಒಳ್ಳೆಯವರೇ, 'ಲಘವೀಲಾ ತ್ರಾಸ ಹೋತೋ ಕಾ?' ಎಂದು ಮರಾಠಿಯಲ್ಲಿ ಕೇಳುತ್ತಾರೆ. ತಾಯಿ ಮಗನ ಮುಖ ನೋಡುತ್ತಾರೆ, ಮಗ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಾನೆ. ಮೊಮ್ಮಗಳಿಗೆ ಇಂಗ್ಲಿಷೂ ಮರಾಠಿಯೂ ಬರುತ್ತವೆ, ಆದರೆ ಅಜ್ಜಿಯ 'ಕಾಲಮಡಿ' ಎಂಬ ಮಾತು ಗೊತ್ತಿಲ್ಲ. ಕೊನೆಗೆ ತಾಯಿ, 'ಏನಿಲ್ರೀ, ಆರಾಮ ಅದೀನಿ' ಎಂದುಬಿಡುತ್ತಾರೆ. ಹೀಗೆ ನಮ್ಮ ಎಷ್ಟು ಮನೆಗಳಲ್ಲಿ ಆಗಿಲ್ಲ!

ಮಾತಿಗೇನು ಬಡತನವೆ? ಮೈಸೂರಿನವರಿಗೆ 'ಒಂದಕ್ಕೆ' ಉಂಟು, ಪಂಡಿತರಿಗೆ 'ಲಘುಶಂಕೆ' ಉಂಟು. ಮರಾಠಿಯ 'ಲಘವಿ' ಅದರ ತಂಗಿ. ಧಾರವಾಡದ ಶಾಲೆಯ ಹುಡುಗನೂ ಪುಣೆಯ ಶಾಲೆಯ ಹುಡುಗನೂ ಕಿರುಬೆರಳೆತ್ತಿ ಗುರುಗಳನ್ನು ಕೇಳುವುದು 'ಏಕಿ'ಗೇ. ಮರಾಠಿಯಲ್ಲಿ ಏಕಿ ಎಂದರೆ ಒಗ್ಗಟ್ಟು ಎಂಬ ಅರ್ಥವೂ ಇದೆ. ಗಡಿಯ ತಕರಾರು ಏನೇ ಇರಲಿ, ಈ ಒಂದು ವಿಷಯದಲ್ಲಿ ಎರಡು ನಾಡಿನ ಮಕ್ಕಳಿಗೂ ಏಕಿ ಇದ್ದೇ ಇದೆ.

ಆದ್ದರಿಂದ ಮನೆಯ ಹೆಣ್ಣುಮಕ್ಕಳು, ಸಾಧ್ಯವಾದರೆ ಸೊಸೆಯೋ ಮಗಳೋ, ಹಿರಿಯರ ಜೊತೆಗೆ ಒಳಗೆ ಹೋಗಬೇಕು. ಹೋಗುವ ಮುಂಚೆ ಮನೆಯಲ್ಲಿಯೇ ಕೇಳಿ ಬರೆದುಕೊಳ್ಳಿ. ಹಗಲು ಎಷ್ಟು ಸಲ, ರಾತ್ರಿ ಎಷ್ಟು ಸಲ ಏಳುತ್ತಾರೆ? ಕೆಮ್ಮಿದಾಗ, ನಕ್ಕಾಗ, ಕೊಡ ಎತ್ತಿದಾಗ ತೊಟ್ಟಿಕ್ಕುತ್ತದೆಯೋ, ಇಲ್ಲವೆ ಅವಸರವಾಗಿ ಬಚ್ಚಲು ಮುಟ್ಟುವುದರೊಳಗೆ ಆಗಿಹೋಗುತ್ತದೆಯೋ? ಈ ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಉರಿ, ರಕ್ತ ಕಂಡರೆ ತಡಮಾಡಬಾರದು. ಕಾಲು ಜೋಮು ಹಿಡಿದು, ಬಲ ಕುಂದಿ, ಜೊತೆಗೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ ಸೇರಬೇಕು, ನಾಳೆಗೆ ಇಡಬಾರದು. ಕೆಮ್ಮಿದಾಗ ಸೋರುವ ತೊಂದರೆಗೆ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಒಂದು ವ್ಯಾಯಾಮವುಂಟು. ಅಮೆರಿಕದ ಆರ್ನಲ್ಡ್ ಕೇಗಲ್ ಎಂಬ ವೈದ್ಯರು 1948ರಲ್ಲಿ ಅದನ್ನು ಪ್ರಚಾರಕ್ಕೆ ತಂದರು. ತಿಂಗಳುಗಟ್ಟಲೆ ಬಿಡದೆ ಮಾಡಿದರೆ ಹಲವರಿಗೆ ಗುಣ ಕಾಣುತ್ತದೆ. ಖರ್ಚು ಒಂದು ಕಾಸಿಲ್ಲ, ಕುಳಿತಲ್ಲಿಯೇ ಮಾಡಬಹುದು. ಈ ಭಾಷಣದ ನಡುವೆ ಮಾಡಿದರೂ ನಮಗೆ ತಿಳಿಯುವುದಿಲ್ಲ.

ನಮ್ಮ ಹೆಂಗಸರು ಕಂಡುಕೊಂಡಿರುವ ಮದ್ದು ಬೇರೆ. ನೀರು ಕುಡಿಯುವುದನ್ನೇ ಬಿಡುವುದು. ರಾತ್ರಿ ಹುಬ್ಬಳ್ಳಿಯ ಬಸ್ಸು ಹಿಡಿಯಬೇಕಾದರೆ ಮಧ್ಯಾಹ್ನದಿಂದಲೇ ಲೋಟ ಮುಟ್ಟುವುದಿಲ್ಲ. ಸಾತಾರೆ, ಕರಾಡ, ಕೊಲ್ಹಾಪುರ ಎಲ್ಲ ದಾಟಿ ಮುಂಜಾವಿನವರೆಗೆ ಒಣಗಂಟಲು. ನೀರು ಕಡಿಮೆಯಾದರೆ ಮೂತ್ರದ ಸೋಂಕಿಗೆ ದಾರಿಯಾಗುತ್ತದೆ, ಸೋಂಕಾದರೆ ಹಿಡಿತ ಇನ್ನೂ ತಪ್ಪುತ್ತದೆ. ತಪ್ಪು ಅವರದೆನ್ನುವ ಹಾಗಿಲ್ಲ, ಹೋಗಲು ಚೊಕ್ಕಟವಾದ ಜಾಗವೆಲ್ಲಿದೆ? ಮುಂಬಯಿಯಲ್ಲಿ 2011ರಲ್ಲಿ ಹೆಣ್ಣುಮಕ್ಕಳ ಸಂಘಟನೆಗಳು ಇದನ್ನು ಹಕ್ಕೆಂದೇ ಕೇಳತೊಡಗಿದವು. ಪುಣೆಯಲ್ಲಿ 2016ರಿಂದ ಹಳೆಯ ಬಸ್ಸುಗಳನ್ನೇ ಹೆಂಗಸರ ಶೌಚಾಲಯಗಳನ್ನಾಗಿ ಮಾರ್ಪಡಿಸಿ, 'ತೀ', ಎಂದರೆ 'ಅವಳು', ಎಂದು ಹೆಸರಿಟ್ಟು ನಿಲ್ಲಿಸಿದರು. ಹೆಸರಿಟ್ಟವರ ಜಾಣ್ಮೆಯನ್ನು ಮೆಚ್ಚಬೇಕು.

ಕಾರ್ಯದರ್ಶಿಗಳು ಗಂಟೆ ತೋರಿಸುತ್ತಿದ್ದಾರೆ. ಅವರು ನಮ್ಮಿಂದ ಹೇಳಿಸಬೇಕೆಂದಿರುವ ಪ್ರಕಟಣೆ ಒಂದೇ. ಹೆಂಗಸರ ಶೌಚಾಲಯ ವೇದಿಕೆಯ ಎಡಗಡೆಯ ಬಾಗಿಲಾಚೆ ಇದೆ. ದೀಪ ಹಾಕಿಸಿದ್ದಾರೆ, ನೀರು ಬರುತ್ತಿದೆ, ಚಿಲಕವನ್ನು ನಿನ್ನೆಯೇ ಸರಿಮಾಡಿಸಿದ್ದಾರೆ. ಊಟದ ಪಂಕ್ತಿಗೆ ಇನ್ನೂ ಅರ್ಧ ಗಂಟೆ ಇದೆ. ಎದ್ದು ಹೋಗುವವರು ಧಾರಾಳವಾಗಿ ಎದ್ದು ಹೋಗಬಹುದು.