ಮೈತ್ರಿಕೂಟದಿಂದ ಸಂಯುಕ್ತ ರಾಜ್ಯಕ್ಕೆ
(ದಾವಣಗೆರೆಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಇಲ್ಲಿಂದ ಹರಿಹರಕ್ಕೆ ಹೋಗಿ ತುಂಗಭದ್ರೆಯ ಸೇತುವೆಯನ್ನು ದಾಟಿದರೆ ರಾಣೆಬೆನ್ನೂರಿನ ಸೀಮೆ. ಎರಡು ದಡಗಳಲ್ಲಿಯೂ ಒಂದೇ ನುಡಿ, ಒಂದೇ ರೊಟ್ಟಿ, ಒಂದೇ ನೆಂಟಸ್ತಿಕೆ. ಆದರೂ 1947ಕ್ಕೆ ಮುಂಚೆ ಈಚೆಯ ದಡವು ಮೈಸೂರು ಸಂಸ್ಥಾನ, ಆಚೆಯ ದಡವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಈಚೆಯವರ ಹೈಕೋರ್ಟು ಬೆಂಗಳೂರಿನಲ್ಲಿ, ಆಚೆಯವರದು ಮುಂಬಯಿಯಲ್ಲಿ. ಬ್ರಿಟಿಷ್ ಹಿಂದೂಸ್ಥಾನದ ಕಾಯಿದೆಯ ದೃಷ್ಟಿಯಲ್ಲಿ ದೇಶೀಯ ಸಂಸ್ಥಾನದ ಕೋರ್ಟು ಪರದೇಶದ ಕೋರ್ಟು! ಮೈಸೂರು ಸೀಮೆಯಲ್ಲಿ ಪಡೆದ ಡಿಕ್ರಿಯು ಹೊಳೆಯಾಚೆ ತನ್ನ ಸ್ವಂತ ಬಲದಿಂದ ಜಾರಿಯಾಗುವಂತಿರಲಿಲ್ಲ. ಅದಕ್ಕೆ ಸರ್ಕಾರದ ವಿಶೇಷ ಪ್ರಕಟಣೆಯಾದರೂ ಇರಬೇಕು, ಇಲ್ಲವೇ ಹೊಸದಾಗಿ ದಾವೆಯನ್ನೇ ಹೂಡಬೇಕು. ಒಂದು ಹೊಳೆಯ ನೀರನ್ನು ಕುಡಿಯುವ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಪರದೇಶಿಗಳು!

ಈ ಬಗೆಯ ಒಡಕು ನಮಗೆ ಮಾತ್ರವೇ ಬಂದುದಲ್ಲ. ಅದನ್ನು ಬೇರೊಂದು ಜನ ಹೇಗೆ ದಾಟಿದರು, ನಾವು ಹೇಗೆ ದಾಟಿದೆವು, ದಾಟಿದ ಮೇಲೂ ನಮಗೆ ಉಳಿದಿರುವ ಕರ್ತವ್ಯವೇನು ಎಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಲು ಬಯಸುತ್ತೇವೆ.

1776ರಲ್ಲಿ ಇಂಗ್ಲೆಂಡಿನ ನೊಗವನ್ನು ಕಳಚಿದ ಅಮೆರಿಕದ 13 ರಾಜ್ಯಗಳಿಗಾಗಿ ಅವುಗಳ ಕಾಂಗ್ರೆಸ್ ಸಭೆಯು ಮರುವರ್ಷ ಒಂದು ಒಡಂಬಡಿಕೆಯನ್ನು ರಚಿಸಿತು. ಎಲ್ಲರ ಸಮ್ಮತಿ ದೊರೆತು ಅದು ಜಾರಿಗೆ ಬಂದುದು 1781ರಲ್ಲಿ. ಅದನ್ನು ನಾವು ಮೈತ್ರಿಕೂಟವೆಂದು ಕರೆಯೋಣ. ಸಭೆಯಲ್ಲಿ ರಾಜ್ಯಕ್ಕೊಂದು ವೋಟು. ಮಹತ್ವದ ಕಾರ್ಯಗಳಿಗೆ ಒಂಬತ್ತು ರಾಜ್ಯಗಳ ಒಪ್ಪಿಗೆ, ಒಡಂಬಡಿಕೆಯ ಒಂದು ಅಕ್ಷರವನ್ನು ತಿದ್ದುವುದಕ್ಕೂ ಹದಿಮೂರರ ಒಪ್ಪಿಗೆ ಬೇಕು. ತೆರಿಗೆಯನ್ನು ಎತ್ತುವ ಅಧಿಕಾರ ಆ ಸಭೆಗಿರಲಿಲ್ಲ. ರಾಜ್ಯಗಳನ್ನು ಹಣಕ್ಕಾಗಿ ಬೇಡಬೇಕು. ಅವು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಸ್ವಾತಂತ್ರ್ಯಕ್ಕಾಗಿ ರಕ್ತ ಸುರಿಸಿದ ಸಿಪಾಯಿಗಳ ಸಂಬಳವೇ ಬಾಕಿ ಬಿದ್ದಿತು. ಆಮದು ಸರಕಿನ ಮೇಲೆ ನೂರಕ್ಕೆ 5ರಂತೆ ಸುಂಕ ಹಾಕೋಣವೆಂದರೆ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯವೊಂದು ಒಲ್ಲೆನೆಂದಿತು, ಯೋಜನೆ ಬಿದ್ದುಹೋಯಿತು.

ಅವರನ್ನು ಮೊದಲು ಹತ್ತಿರಕ್ಕೆ ತಂದುದೂ ಒಂದು ನದಿಯೇ. ಪೊಟೊಮ್ಯಾಕ್ ನದಿಯ ಸಂಚಾರದ ವಿಷಯವಾಗಿ ಅದರ ಎರಡು ದಡಗಳ ರಾಜ್ಯಗಳಾದ ಮೇರಿಲೆಂಡ್, ವರ್ಜೀನಿಯಾಗಳ ಪ್ರತಿನಿಧಿಗಳು 1785ರಲ್ಲಿ ವಾಷಿಂಗ್ಟನ್ನನ ಮನೆಯಲ್ಲಿ ಸೇರಿದರು. ಅದರಿಂದ 1786ರ ಅನಾಪೊಲಿಸ್ ಸಭೆ ಹುಟ್ಟಿತು. ಅಲ್ಲಿಗೆ ಬಂದುವು ಐದೇ ರಾಜ್ಯಗಳು. ಅದೇ ವರ್ಷ ಮ್ಯಾಸಚುಸೆಟ್ಸಿನಲ್ಲಿ ಸಾಲದ ಹೊರೆಯಿಂದ ಬೆಂದ ರೈತರು ದಂಗೆಯೆದ್ದು ಕೋರ್ಟುಗಳನ್ನು ಮುಚ್ಚಿಸಿದರು. ಆಗ ಎಲ್ಲರ ಕಣ್ಣು ತೆರೆಯಿತು. 1787ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ 12 ರಾಜ್ಯಗಳ 55 ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಕದವಿಕ್ಕಿಕೊಂಡು ಚರ್ಚಿಸಿದರು. ದೊಡ್ಡ ರಾಜ್ಯಗಳು ಜನಸಂಖ್ಯೆಗೆ ತಕ್ಕ ಸ್ಥಾನಗಳನ್ನು ಕೇಳಿದುವು. ಚಿಕ್ಕವು ಸಮಸ್ಥಾನವನ್ನು ಕೇಳಿದುವು. ಒಂದು ಸಭೆಯಲ್ಲಿ ಅದು, ಇನ್ನೊಂದರಲ್ಲಿ ಇದು ಎಂದು ರಾಜಿಯಾಯಿತು. 1788ರ ಜೂನಿನಲ್ಲಿ ಒಂಬತ್ತನೆಯ ರಾಜ್ಯದ ಒಪ್ಪಿಗೆ ದೊರೆಯಿತು. 1789ರಲ್ಲಿ ಹೊಸ ಸರ್ಕಾರ ನಡೆಯತೊಡಗಿತು. ಮುನಿಸಿಕೊಂಡಿದ್ದ ರೋಡ್ ಐಲೆಂಡೂ 1790ರಲ್ಲಿ ಒಳಬಂದಿತು.

ಇದರ ತಿರುಳೇನು? ಮೈತ್ರಿಕೂಟಕ್ಕೆ ಸಂಬಂಧವಿದ್ದುದು ರಾಜ್ಯ ಸರ್ಕಾರಗಳೊಡನೆ ಮಾತ್ರ. ಸಂಯುಕ್ತ ರಾಜ್ಯವು ಪ್ರತಿಯೊಬ್ಬ ಪ್ರಜೆಯೊಡನೆಯೂ ನೇರವಾಗಿ ಸಂಬಂಧವನ್ನು ಬೆಳೆಸಿತು. ಅದರ ಕಾನೂನು, ಅದರ ತೆರಿಗೆ, ಅದರ ನ್ಯಾಯಾಲಯಗಳು ಅವನ ಬಾಗಿಲಿಗೇ ಬಂದುವು. ಅದನ್ನು ಆರಿಸುವ ಹಕ್ಕೂ ಅವನದಾಯಿತು. ಆದರೆ ಅವರ ಲೋಪವನ್ನೂ ಹೇಳದೆ ಇರಲಾಗದು. ಸಭೆಯಲ್ಲಿ ಬಾಯಿಲ್ಲದ ಗುಲಾಮರನ್ನು ಐವರಿಗೆ ಮೂವರಂತೆ ಎಣಿಸಿ ಅವರು ಐಕ್ಯವನ್ನು ಕೊಂಡರು. ಆ ಅನ್ಯಾಯದ ಬಡ್ಡಿಯನ್ನು 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ರಕ್ತರೂಪವಾಗಿ ತೆರಬೇಕಾಯಿತು.

ಇನ್ನು ನಮ್ಮ ಕಡೆಗೆ ಬರೋಣ. 1935ರ ಕಾಯಿದೆಯು ಸಂಸ್ಥಾನಗಳನ್ನೂ ಪ್ರಾಂತಗಳನ್ನೂ ಕೂಡಿಸುವ ಸಂಯುಕ್ತ ಸರ್ಕಾರವನ್ನು ಕಾಗದದ ಮೇಲೆ ಕಟ್ಟಿತು. ಸಾಕಷ್ಟು ಮಂದಿ ಅರಸರು ಸೇರಲಿಲ್ಲ. ಅದು ಕಾಗದದಲ್ಲಿಯೇ ಉಳಿಯಿತು. 1947ರ ಆಗಸ್ಟಿನಲ್ಲಿ ಮೈಸೂರು ಹಿಂದೂಸ್ಥಾನವನ್ನು ಸೇರಿದುದು ಮೂರೇ ವಿಷಯಗಳಲ್ಲಿ: ರಕ್ಷಣೆ, ಪರರಾಷ್ಟ್ರ ವ್ಯವಹಾರ, ಸಾರಿಗೆ ಸಂಪರ್ಕ. ಸಹಿ ಅರಸರದು, ಪ್ರಜೆಯ ಸಹಿಯಿರಲಿಲ್ಲ. ಅದು ನಮ್ಮ ಮೈತ್ರಿಕೂಟದ ಕಾಲವೆನ್ನಬಹುದು. ಪ್ರಜೆಯ ಸಹಿ ಬಿದ್ದುದು ಬೀದಿಯಲ್ಲಿ. ಅದೇ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಹೊತ್ತಿತು, ಸೆರೆಮನೆಗಳು ತುಂಬಿದುವು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮುಂದಾಳುತನದಲ್ಲಿ ಜವಾಬ್ದಾರಿ ಸರ್ಕಾರ ಬಂದಿತು. 1949ರ ನವೆಂಬರಿನಲ್ಲಿ ಜಯಚಾಮರಾಜ ಒಡೆಯರು ಹಿಂದೂಸ್ಥಾನದ ರಾಜ್ಯಾಂಗವನ್ನೇ ಮೈಸೂರಿನ ರಾಜ್ಯಾಂಗವಾಗಿ ಅಂಗೀಕರಿಸಿ ಘೋಷಣೆ ಹೊರಡಿಸಿದರು. ಅಮೆರಿಕ ಎಂಟು ವರ್ಷಗಳಲ್ಲಿ ನಡೆದ ದಾರಿಯನ್ನು ಮೈಸೂರು ಮೂರು ವರ್ಷಗಳೊಳಗೆ ನಡೆಯಿತು. ಸಿವಿಲ್ ಕೋರ್ಟುಗಳ ಅಂತಿಮ ತೀರ್ಪು ದೇಶದ ಎಲ್ಲೆಡೆಯೂ ಕಾನೂನಿನಂತೆ ಜಾರಿಯಾಗತಕ್ಕದ್ದೆಂದು ಆ ರಾಜ್ಯಾಂಗದ 261ನೆಯ ವಿಧಿ ಸಾರಿತು. ಹರಿಹರದ ಸೇತುವೆಯ ಮೇಲೆ ಪರದೇಶವು ಅಳಿದುದು ಹೀಗೆ.

ಆದರೆ ಒಂದೇ ದೇಶವಾದ ಮಾತ್ರಕ್ಕೆ ಕನ್ನಡನಾಡು ಒಂದಾಗಲಿಲ್ಲ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಲ್ಲಿ ನಮ್ಮ ಜನ ಹಂಚಿಹೋಗಿದ್ದರು. ಏಕೀಕರಣವನ್ನು ಮೈಸೂರಿನ ಕೆಲವರೇ ಅಂಜಿಕೆಯಿಂದ ಕಂಡರು. ನಮ್ಮ ಕಾಲುವೆ, ನಮ್ಮ ಕಾರಖಾನೆಗಳ ಫಲವನ್ನು ಹಿಂದುಳಿದ ಜಿಲ್ಲೆಗಳೊಡನೆ ಹಂಚಿಕೊಳ್ಳಬೇಕೆ, ಕನ್ನಡಕ್ಕೆ ಎರಡು ರಾಜ್ಯಗಳಿದ್ದರಾಗದೆ ಎಂದು ಕೇಳಿದರು. ರೋಡ್ ಐಲೆಂಡಿನ ಅಂಜಿಕೆಯೂ ಇದೇ ಜಾತಿಯದು. ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಸೀಮೆಯ ಈ ವಿರೋಧವನ್ನು ಎದುರಿಸಿ ಏಕೀಕರಣದ ಪರವಾಗಿ ನಿಂತರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಬಂದಿತು. 1956ರ ನವೆಂಬರ್ 1ರಂದು ಉಳಿದ ಸೀಮೆಗಳು ಸೇರಿದುವು. ನಮ್ಮ ನೆರೆಯ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ವಿಶಾಲ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದರು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು.

ಮಹನೀಯರೇ, ಕೆಲಸ ಅಷ್ಟಕ್ಕೇ ಮುಗಿಯಿತೇ? ಕಾಸರಗೋಡಿನ ಕನ್ನಡಿಗರು ಹೊರಗುಳಿದರು. ಆ ಸೀಮೆಯ ಬಹುಭಾಗ ಇತ್ತ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾರ್ಯಗತವಾಗಲಿಲ್ಲ. ಒಳಗೆ ಬಂದವರ ಗತಿಯೇನು? 2002ರಲ್ಲಿ ವರದಿ ಸಲ್ಲಿಸಿದ ನಂಜುಂಡಪ್ಪ ಸಮಿತಿಯು ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಲೆಕ್ಕವಿಟ್ಟಿತು. ಹೈದರಾಬಾದ್ ಕರ್ನಾಟಕಕ್ಕಾಗಿ 371-ಜೆ ವಿಧಿಯನ್ನು ರಾಜ್ಯಾಂಗದಲ್ಲಿ ಸೇರಿಸುವ ಹೊತ್ತಿಗೆ ಏಕೀಕರಣವಾಗಿ 56 ವರ್ಷಗಳು ಕಳೆದಿದ್ದುವು! ಉತ್ತರದವರು ಬೇಸತ್ತು ಬೇರೆ ರಾಜ್ಯದ ಮಾತನ್ನೆತ್ತಿದಾಗ ನಾವು ಅವರನ್ನು ದ್ರೋಹಿಗಳೆಂದು ಜರೆಯುವುದು ಸುಲಭ. ಅವರ ಲೆಕ್ಕಕ್ಕೆ ಉತ್ತರ ಕೊಡುವುದು ಕಷ್ಟ. ಆ ಕಷ್ಟದ ಕೆಲಸವೇ ನಮ್ಮದು. ಬೇರೆಯಾಗುವುದನ್ನು ನಾವು ಒಪ್ಪುವವರಲ್ಲ; ಆದುದರಿಂದಲೇ ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿರೆಂದು ಕೇಳುವವರಲ್ಲಿ ನಾವು ಮೊದಲಿಗರಾಗಬೇಕು.

ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರನ ಗುಡಿಯುಂಟು. ಒಂದೇ ಮೂರ್ತಿಯಲ್ಲಿ ಒಂದು ಮಗ್ಗುಲು ಹರಿ, ಇನ್ನೊಂದು ಮಗ್ಗುಲು ಹರ. ಒಂದು ಮಗ್ಗುಲಿಗೆ ಮಾತ್ರ ಅಭಿಷೇಕ ಮಾಡಿ ಇನ್ನೊಂದನ್ನು ಒಣಗಿಸುವ ಪೂಜಾರಿಯನ್ನು ಯಾವ ಊರೂ ಇಟ್ಟುಕೊಳ್ಳದು. ದಾವಣಗೆರೆಯು ನಾಡಿನ ನಡುವೆ ಕುಳಿತಿದೆ. ದಕ್ಷಿಣದ ಮಾತೂ ಉತ್ತರದ ಮಾತೂ ಇಲ್ಲಿ ಕೇಳುತ್ತವೆ. ಆಚೆಯ ದಡದವರ ಅಹವಾಲನ್ನು ಈಚೆಯ ದಡದವರೇ ಎತ್ತಿ ಹೇಳುವ ಪದ್ಧತಿಯು ಇಲ್ಲಿಂದಲೇ ಮೊದಲಾಗಲೆಂದು ಪ್ರಾರ್ಥಿಸುತ್ತೇವೆ.