ಉಳಿದು ಬಂದುದರ ಬೆಲೆ

(ಶತಮಾನೋತ್ಸವದ ಅಂಗವಾಗಿ ಶಾಲೆಯಲ್ಲಿ ಏರ್ಪಡಿಸಿದ್ದ ಹಳೆಯ ವಸ್ತುಗಳ ಪ್ರದರ್ಶನದ ಉದ್ಘಾಟನಾ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಪ್ರದರ್ಶನಕ್ಕೆ ಮನೆಯಲ್ಲಿರುವ ಹಳೆಯ ವಸ್ತುಗಳನ್ನು ತರುವಂತೆ ನಾವು ಹೇಳಿದಾಗ, ಎಂಟನೆಯ ತರಗತಿಯ ಬಾಲಕನೊಬ್ಬನು ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟನು. ಅವನ ತಂದೆ ಇದೇ ಶಾಲೆಯಲ್ಲಿ ಓದುತ್ತಿದ್ದಾಗ ಬಬಲ್‌ಗಮ್ ಕೊಂಡು ಕೊಂಡು ಕೂಡಿಸಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳು ಅದರಲ್ಲಿದ್ದವು. ಅಮೆರಿಕದಲ್ಲಿ ಇಂತಹ ಒಂದು ಚಿತ್ರ ನೂರು ಕೋಟಿ ರೂಪಾಯಿಗೆ ಮಾರಾಟವಾದ ಸುದ್ದಿಯನ್ನು ಅವನು ಎಲ್ಲಿಯೋ ಓದಿದ್ದನು. "ಟೀಚರೇ, ಇದಕ್ಕೆ ಎಷ್ಟು ಸಿಗಬಹುದು?" ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ತಿಳಿದುಕೊಂಡುದನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇವೆ.

ಆ ಬಾಲಕನು ಓದಿದ ಸುದ್ದಿ ಸುಳ್ಳಲ್ಲ. ನಮ್ಮಲ್ಲಿ ಕ್ರಿಕೆಟ್ ಇರುವಂತೆ ಅಮೆರಿಕದಲ್ಲಿ ಬೇಸ್‌ಬಾಲ್. ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಚಿತ್ರವಿರುವ, 1952ರಲ್ಲಿ ಟಾಪ್ಸ್ ಕಂಪನಿ ಹೊರತಂದ ಕಾರ್ಡೊಂದು 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು ನೂರು ಕೋಟಿ ರೂಪಾಯಿ. ಅದೇ ತಿಂಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ, ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಕಾರ್ಡೊಂದು 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು.

ಒಂದು ಕಾಗದದ ತುಂಡಿಗೆ ಈ ಬೆಲೆ ಹೇಗೆ ಬಂದಿತು? ಈ ಕಾರ್ಡುಗಳ ಹುಟ್ಟು ಬಹಳ ಸಾಮಾನ್ಯವಾದುದು. ಮೆದುವಾದ ಸಿಗರೇಟು ಪ್ಯಾಕುಗಳು ಮುದುಡದಿರಲೆಂದು ಕಂಪನಿಗಳು ಒಳಗೊಂದು ದಪ್ಪ ಕಾಗದವನ್ನು ಇಡುತ್ತಿದ್ದವು. 1880ರ ದಶಕದಲ್ಲಿ ಅದರ ಮೇಲೆ ನಟಿಯರು, ಪಕ್ಷಿಗಳು, ಧ್ವಜಗಳು, ಆಟಗಾರರು ಇವರ ಚಿತ್ರಗಳನ್ನು ಅಚ್ಚು ಹಾಕಿ ಸರಣಿಗಳನ್ನಾಗಿ ಮಾಡಿದರು. ಸರಣಿ ಪೂರ್ಣವಾಗಬೇಕಾದರೆ ಮತ್ತೆ ಮತ್ತೆ ಕೊಳ್ಳಬೇಕು. ಮುಂದೆ ತಂಬಾಕಿನ ಜಾಗಕ್ಕೆ ಮಿಠಾಯಿ ಬಂದಿತು, ಗಮ್ ಬಂದಿತು. ಉಪಾಯ ಮಾತ್ರ ಬದಲಾಗಲಿಲ್ಲ.

ವ್ಯಾಗ್ನರನ ಕಾರ್ಡು 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಸರಣಿಗೆ ಸೇರಿದುದು. ಆತನು ಒಪ್ಪಿಗೆ ನೀಡದ ಕಾರಣ ಅದರ ಮುದ್ರಣ ಬೇಗನೆ ನಿಂತಿತು. ತನ್ನ ಚಿತ್ರಕ್ಕಾಗಿ ಮಕ್ಕಳು ತಂಬಾಕು ಕೊಳ್ಳಬಾರದೆಂದು ಆತನು ತಡೆದನೆಂಬುದು ಜನಪ್ರಿಯವಾದ ಕಥೆ. ಹಣದ ವಿಚಾರದಲ್ಲಿ ಒಮ್ಮತವಾಗಲಿಲ್ಲವೆಂದು ಹೇಳುವವರೂ ಉಂಟು. ಇಂದು ಉಳಿದಿರುವ ಪ್ರತಿಗಳು ಐವತ್ತು-ಅರುವತ್ತರ ಆಸುಪಾಸಿನಲ್ಲಿವೆ. ಮ್ಯಾಂಟಲನ ಕಾರ್ಡು ಅಷ್ಟು ವಿರಳವಲ್ಲ, ಅದರ ಸಾವಿರಕ್ಕೂ ಹೆಚ್ಚು ಪ್ರತಿಗಳಿವೆ. ಆದರೆ ಎಪ್ಪತ್ತು ವರ್ಷ ಕಳೆದರೂ ಮೂಲೆ ಮಾಸದೆ, ಬಣ್ಣ ಕುಂದದೆ ಉಳಿದ ಪ್ರತಿಗಳು ಬೆರಳೆಣಿಕೆಯವು.

ಅವು ಏಕೆ ಉಳಿಯಲಿಲ್ಲ? ಮಕ್ಕಳು ಅವುಗಳೊಂದಿಗೆ ಆಡಿದರು, ತಾಯಂದಿರು ಕಸದೊಂದಿಗೆ ಗುಡಿಸಿದರು. ಕಂಪನಿಗೂ ಅವು ಹೊರೆಯೇ ಆಗಿದ್ದವು. 1952ರ ಋತುವಿನ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಕಾರ್ಡುಗಳು ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿದ್ದವು. 1960ರಲ್ಲಿ ಅವನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವೆಂದು, ಆ ಸರಣಿಯನ್ನು ರೂಪಿಸಿದ ಸೈ ಬರ್ಗರ್ ಅವರೇ ಮುಂದೆ ಹೇಳಿಕೊಂಡರು. ಇದಕ್ಕೆ ವಿರುದ್ಧವಾದ ಪಾಠವೂ ಉಂಟು. ಹಳೆಯ ಕಾರ್ಡುಗಳಿಗೆ ಬೆಲೆ ಬಂದುದನ್ನು ಕಂಡು 1980ರ ದಶಕದ ಕೊನೆಯಲ್ಲಿ ಜನರು ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು. ಕಂಪನಿಗಳೂ ಮಿತಿಯಿಲ್ಲದೆ ಅಚ್ಚು ಹಾಕಿದವು. ಎಲ್ಲರೂ ಜೋಪಾನ ಮಾಡಿದ್ದರಿಂದ ಇಂದು ಅವುಗಳಲ್ಲಿ ಬಹುಪಾಲಿಗೆ ಕೇಳುವವರೇ ಇಲ್ಲ.

ಅಟ್ಲಾಂಟಿಕ್ ಸಮುದ್ರದ ಈ ಕಥೆಯನ್ನು ಓದಿದಾಗ ನಾವು ತಲೆ ತಗ್ಗಿಸಬೇಕಾಯಿತು. ಹಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ನಮ್ಮ ಶಾಲೆಯ ದಾಸ್ತಾನು ಕೊಠಡಿ ಸೋರಿತು. ಒದ್ದೆಯಾದ, ಒರಲೆ ಹಿಡಿದ ಕಾಗದಗಳನ್ನೆಲ್ಲ ನಾವು ಗುಜರಿಯವನಿಗೆ ಕೊಟ್ಟುಬಿಟ್ಟೆವು. ಮಕ್ಕಳು ವರ್ಷ ವರ್ಷವೂ ಹೊರತರುತ್ತಿದ್ದ ಕೈಬರಹದ ಪತ್ರಿಕೆಯ ಸಂಚಿಕೆಗಳು ಆ ಕಟ್ಟಿನಲ್ಲಿದ್ದುವೆಂಬುದು ಈ ಸಂಚಿಕೆಯ ಸಿದ್ಧತೆಗೆ ತೊಡಗಿದಾಗಲೇ ನಮಗೆ ತಿಳಿದದ್ದು. ಪ್ರತಿ ಸಂಚಿಕೆಗೂ ಇದ್ದುದು ಒಂದೇ ಪ್ರತಿ. ವ್ಯಾಗ್ನರನ ಕಾರ್ಡಿನಲ್ಲಿಯಾದರೂ ಐವತ್ತು ಉಳಿದಿವೆ.

ಬೆಲೆಯ ಕಥೆಗಿಂತ ನಮ್ಮನ್ನು ಹೆಚ್ಚು ಸೆಳೆದುದು ಒಬ್ಬ ಮನುಷ್ಯನ ಕಥೆ. ಜೆಫರ್ಸನ್ ಬರ್ಡಿಕ್ ಎಂಬವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರ ನೌಕರರು. ಶ್ರೀಮಂತರಲ್ಲ, ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾಗಿದ್ದವು. ಇತರರು ಕಸವೆಂದ ಕಾರ್ಡುಗಳನ್ನು ಅವರು ಕೂಡಿಸಿದರು. ಕೂಡಿಸಿದ್ದಷ್ಟೇ ಅಲ್ಲ, ಯಾವುದು ಯಾವ ಕಾಲದ್ದು, ಯಾವ ಸರಣಿಯದ್ದು ಎಂದು ವಿಂಗಡಿಸಿ 1939ರಲ್ಲಿ ಒಂದು ಸೂಚಿಯನ್ನು ಪ್ರಕಟಿಸಿದರು. ಇಂದಿಗೂ ವ್ಯಾಗ್ನರನ ಸರಣಿಯನ್ನು ಜಗತ್ತು ಕರೆಯುವುದು ಅವರು ಕೊಟ್ಟ 'ಟಿ 206' ಎಂಬ ಹೆಸರಿನಿಂದಲೇ. ಮೂರು ಲಕ್ಷಕ್ಕೂ ಮಿಕ್ಕ ತಮ್ಮ ಸಂಗ್ರಹವನ್ನು ಅವರು ಮಾರಲಿಲ್ಲ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ನೀಡಿದರು. ಅಲ್ಲಿಯೇ ಕುಳಿತು ವರ್ಷಗಟ್ಟಲೆ ಅವನ್ನು ಆಲ್ಬಮ್ಮುಗಳಲ್ಲಿ ಅಂಟಿಸಿದರು. 1963ರ ಜನವರಿಯಲ್ಲಿ ಆ ಕೆಲಸವನ್ನು ಮುಗಿಸಿ, ಮಾರ್ಚಿನಲ್ಲಿ ತೀರಿಕೊಂಡರು.

ಅಂಟು ತಗಲಿದ ಕಾರ್ಡಿಗೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಅತ್ತ, ವ್ಯಾಗ್ನರನ ಕಾರ್ಡುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರತಿಯೊಂದರ ಅಂಚನ್ನು, ಹೊಸದರಂತೆ ಕಾಣಲೆಂದು ಕತ್ತರಿಸಲಾಗಿತ್ತೆಂಬುದು 2013ರಲ್ಲಿ ನ್ಯಾಯಾಲಯದಲ್ಲಿ ಬಯಲಾಯಿತು. ಬೆಲೆಗಾಗಿ ಕತ್ತರಿಸಿದ ಕೈಯೊಂದು, ಬೆಲೆ ಹೋದರೂ ಸರಿ, ಉಳಿಯಲಿ ಎಂದು ಅಂಟಿಸಿದ ಕೈಯೊಂದು. ನಮ್ಮ ಮಕ್ಕಳು ಈ ಎರಡನ್ನೂ ಅರಿತಿರಲಿ.

ಈಗ ಆ ಬಾಲಕನ ಡಬ್ಬಕ್ಕೆ ಬರೋಣ. ನಾವು ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆವು. ಹಲವುಗಳ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಅವನ ತಂದೆಯ ಹೆಸರು, ತರಗತಿ, ಯಾವ ಗೆಳೆಯನಿಂದ ಯಾವ ಚಿತ್ರಕ್ಕೆ ಬದಲಾಗಿ ದೊರಕಿತು ಎಂಬ ವಿವರ ಇದ್ದವು. ಮೂಲೆಗಳು ಮಡಚಿವೆ, ಬರಹವೂ ಇದೆ. ಹಣ ಹೆಚ್ಚು ಬಾರದೆಂದು ನಾವು ಅವನಿಗೆ ಹೇಳಿದೆವು. ಆದರೆ ಆ ಕಾಲದ ನಮ್ಮ ಶಾಲೆಯ ಬಿಡುವಿನ ವೇಳೆ ಹೇಗಿತ್ತೆಂದು ಹೇಳುವ ದಾಖಲೆ ಬೇರೆಲ್ಲಿಯೂ ಇಲ್ಲವೆಂಬುದನ್ನೂ ಹೇಳಿದೆವು. ಡಬ್ಬ ಇಂದು ಮೊದಲನೆಯ ಮೇಜಿನ ಮೇಲಿದೆ. ಅದರ ಪಕ್ಕದಲ್ಲಿಯೇ ನಮ್ಮ ಹಳೆಯ ದಾಖಲಾತಿ ಪುಸ್ತಕಗಳಿವೆ. 1956ರ ನವೆಂಬರ್ 1ರಂದು ಕಾಸರಗೋಡು ಮದ್ರಾಸು ರಾಜ್ಯದಿಂದ ಕೇರಳಕ್ಕೆ ಸೇರಿತು. ಪುಟಗಳ ಮೇಲಿನ ಸರಕಾರದ ಹೆಸರು ಬದಲಾಯಿತು. ಮಕ್ಕಳ ಹೆಸರನ್ನು ಬರೆದ ಲಿಪಿ ಬದಲಾಗಲಿಲ್ಲ.

ಆದುದರಿಂದ ಹಳೆ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಅಟ್ಟದಲ್ಲಿ, ಕಪಾಟಿನಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಒಮ್ಮೆ ಹುಡುಕಿ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಪಾಠಪುಸ್ತಕ, ಪ್ರಗತಿ ಪತ್ರ, ತರಗತಿಯ ಭಾವಚಿತ್ರ, ಕೈಬರಹದ ಪತ್ರಿಕೆಯ ಒಂದು ಹಾಳೆಯಾದರೂ ಸರಿ. ಕೊಡಲು ಮನಸ್ಸಾಗದಿದ್ದರೆ ನಾವು ಪ್ರತಿ ಮಾಡಿಸಿಕೊಂಡು ಹಿಂದಿರುಗಿಸುತ್ತೇವೆ. ಭಾವಚಿತ್ರದಲ್ಲಿರುವವರ ಹೆಸರನ್ನೂ ವರ್ಷವನ್ನೂ ದಯವಿಟ್ಟು ಬರೆದುಕೊಡಿ. ಹೆಸರು ಹೇಳಬಲ್ಲವರು ಇರುವಾಗಲೇ ಬರೆಯಬೇಕು. ಹೆಸರಿಲ್ಲದ ಮುಖಗಳನ್ನು ಮುಂದಿನವರು ಗುಜರಿಗೇ ಕೊಡುತ್ತಾರೆ.

ಹೆತ್ತವರಲ್ಲಿಯೂ ಒಂದು ಮಾತು. ಕಾರ್ಡು ವಿರಳವಾದಷ್ಟೂ ಅದರ ಬೆಲೆ ಏರುತ್ತದೆ. ಕನ್ನಡ ಶಾಲೆಗೆ ಆ ನಿಯಮವಿಲ್ಲ. ಈ ಗಡಿಯಲ್ಲಿ ಕನ್ನಡ ಮಾಧ್ಯಮದ ತರಗತಿಗಳು ವಿರಳವಾದರೆ ಉಳಿದವುಗಳ ಬೆಲೆ ಹೆಚ್ಚುವುದಿಲ್ಲ, ಅವೂ ಮುಚ್ಚುತ್ತವೆ. ಪ್ರದರ್ಶನದ ಮೇಜಿನ ಮೇಲೆ ನಮ್ಮ ಹಳೆಯ ದಾಖಲಾತಿ ಪುಸ್ತಕವಿರಲಿ; ಹೊಸ ಪುಸ್ತಕ ಕಚೇರಿಯಲ್ಲಿ ತೆರೆದೇ ಇದೆ. ಬರುವ ಜೂನ್ ತಿಂಗಳಲ್ಲಿ ಅದರಲ್ಲಿ ನಿಮ್ಮ ಮಕ್ಕಳ, ಮೊಮ್ಮಕ್ಕಳ ಹೆಸರುಗಳನ್ನು ಬರೆಯುವ ಭಾಗ್ಯ ನಮಗಿರಲಿ ಎಂದು ಆಶಿಸುತ್ತೇವೆ.